ಜಾತ್ರೆಯ ತಿನಿಸು, ಬಣ್ಣ ಮತ್ತು ಕಾನೂನು



ಇಂಥ ದತ್ತಿ ಉಪನ್ಯಾಸದ ವೇದಿಕೆಯಲ್ಲಿ ಸಾಹಿತ್ಯ, ಶರಣರ ಬದುಕು ಕುರಿತು ಮಾತಾಡುವುದು ರೂಢಿ. ಈ ಸಲ ನಾನು ಮಕ್ಕಳ ಹೊಟ್ಟೆ ಸೇರುವ ಬಣ್ಣದ ಬಗ್ಗೆ ಮಾತಾಡಲು ಅಪ್ಪಣೆ ಬೇಡುತ್ತೇನೆ. ಜಾತ್ರೆಗಳ ನಾಡಾದ ನಮ್ಮ ಕೂಡ್ಲಿಗಿ ಸೀಮೆಗೆ ಇದು ಮನೆಮನೆಯ ವಿಷಯ.

2024ರ ಫೆಬ್ರವರಿಯಲ್ಲಿ ಪುದುಚೇರಿ ಮತ್ತು ತಮಿಳುನಾಡು ಸರ್ಕಾರಗಳು ಬೊಂಬಾಯಿ ಮಿಠಾಯಿಯ ಮಾರಾಟ ನಿಲ್ಲಿಸಿದವು. ಅದರಲ್ಲಿ ರೊಡಮೈನ್-ಬಿ ಸಿಕ್ಕಿತ್ತು. ಮಾರ್ಚ್ 11ರಂದು ನಮ್ಮ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಗೋಬಿ ಮಂಚೂರಿಗೆ, ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಬೆರೆಸಬಾರದೆಂಬ ಕರ್ನಾಟಕದ ಆದೇಶ ಪ್ರಕಟಿಸಿದರು. ರಾಜ್ಯದಲ್ಲಿ ಪರೀಕ್ಷಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107 ಅಸುರಕ್ಷಿತವಾಗಿದ್ದವು; ಬೊಂಬಾಯಿ ಮಿಠಾಯಿಯ 25ರಲ್ಲಿ 15. ಅದೇ ವರ್ಷದ ಜೂನ್‌ನಲ್ಲಿ ಕಬಾಬ್‌ಗೂ ಕೃತಕ ಬಣ್ಣ ಬೆರೆಸಬಾರದೆಂದು ಆದೇಶವಾಯಿತು. ಬಣ್ಣವಿಲ್ಲದ ಬಿಳಿ ಮಿಠಾಯಿಗೆ, ಬಣ್ಣವಿಲ್ಲದ ಗೋಬಿಗೆ ಅಡ್ಡಿಯಿಲ್ಲ.

ರೊಡಮೈನ್-ಬಿ ಬಟ್ಟೆ, ಕಾಗದಗಳಿಗೆ ಹಾಕುವ ಗುಲಾಬಿ ಬಣ್ಣ. ಆಹಾರದಲ್ಲಿ ಅದಕ್ಕೆ ಯಾವ ಪ್ರಮಾಣದಲ್ಲೂ ಅನುಮತಿಯಿಲ್ಲ. ನಮ್ಮ ದೇಶದಲ್ಲಿ ತಿನಿಸಿಗೆ ಒಪ್ಪಿರುವ ಕೃತಕ ಬಣ್ಣಗಳು ಎಂಟೇ. ಟಾರ್ಟ್ರಜೈನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಅವುಗಳಲ್ಲಿ ಸೇರಿವೆ. ಆದರೆ ಅವನ್ನು ಹಾಕಬಹುದಾದ ತಿನಿಸುಗಳೂ ಗೊತ್ತುಮಾಡಿದವೇ, ಪ್ರಮಾಣಕ್ಕೂ ಮಿತಿಯಿದೆ. ಗೋಬಿಯ ಹಿಟ್ಟಿಗೆ, ಕಬಾಬ್‌ನ ಮಸಾಲೆಗೆ ಅವೂ ಸಲ್ಲವು.

ಇಲ್ಲಿ ಒಂದು ವಿಚಾರ ಗಮನಿಸಬೇಕು. ಈ ನಿರ್ಬಂಧ 2024ರಲ್ಲಿ ಹುಟ್ಟಿದ್ದಲ್ಲ. ಆಹಾರ ಕಲಬೆರಕೆ ತಡೆ ಕಾಯ್ದೆ 1954ರದು. ಅದರ ಜಾಗಕ್ಕೆ ಬಂದ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2011ರ ಆಗಸ್ಟ್ 5ರಿಂದ ಜಾರಿಯಲ್ಲಿದೆ. ಕಾನೂನು ಇದ್ದೂ ಪರೀಕ್ಷಿಸಿದ ಮಾದರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೆಟ್ಟವಾಗಿದ್ದರೆ, ಕೊರತೆ ಇರುವುದು ಅದನ್ನು ನಡೆಸುವ ಬಗೆಯಲ್ಲಿ.

ನಮ್ಮ ಸೀಮೆಯನ್ನೇ ನೋಡೋಣ. ಭರತ ಹುಣ್ಣಿಮೆಗೆ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗಕ್ಕೆ ಜನ ಹರಿದು ಬರುತ್ತಾರೆ. ಅದೇ ಹೊತ್ತಿಗೆ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರಣಿಕ. ಅದಾದ ವಾರ, ಹತ್ತು ದಿನಕ್ಕೆ ಕೊಟ್ಟೂರು ಗುರುಬಸವೇಶ್ವರನ ತೇರು. ಮೈಲಾರದಲ್ಲಿ ಆಹಾರ ಸುರಕ್ಷತಾ ಅಧಿಕಾರಿ ಮಾದರಿ ತೆಗೆದರೂ, ವರದಿ ಕೊಡಲು ವಿಶ್ಲೇಷಕರಿಗೆ ಕಾಯ್ದೆ 14 ದಿನ ಕೊಡುತ್ತದೆ. ಅದು ಕೈಸೇರುವಷ್ಟರಲ್ಲಿ ತಳ್ಳುಗಾಡಿ ಕೊಟ್ಟೂರಿನ ತೇರುಬೀದಿಯಲ್ಲೂ ವ್ಯಾಪಾರ ಮುಗಿಸಿ ಮುಂದಿನ ಊರಿಗೆ ಹೋಗಿರುತ್ತದೆ. ನ್ಯಾಯಾಲಯದಲ್ಲಿ ನಿಲ್ಲುವ ವರದಿಗೆ ಸಮಯ ಬೇಕು, ಒಪ್ಪುತ್ತೇನೆ. ಮಗುವಿನ ಕೈಗೆ ಮಿಠಾಯಿ ಹೋಗುವ ಮೊದಲೇ ತಡೆಯುವ ವ್ಯವಸ್ಥೆಯೂ ಅಷ್ಟೇ ಅಗತ್ಯ.

ಇನ್ನು ಶಿಕ್ಷೆಯ ಮಾತು. ತಪ್ಪಿದವರಿಗೆ ಏಳು ವರ್ಷದಿಂದ ಜೀವಾವಧಿವರೆಗೆ ಜೈಲು, 10 ಲಕ್ಷ ರೂಪಾಯಿ ದಂಡ ಎಂಬ ಎಚ್ಚರಿಕೆ ಕೇಳಿಬಂತು. ದಿನದ ದುಡಿಮೆಯಿಂದಲೇ ಒಲೆ ಹೊತ್ತಿಸುವ ಗಾಡಿಯವನನ್ನು ಈ ಮಾತು ಹೆದರಿಸಬಹುದು. ಆದರೆ ಬಣ್ಣ ಅವನ ಗಾಡಿಯಲ್ಲಿ ಹುಟ್ಟಿದ್ದಲ್ಲ. ತಯಾರಕನಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಚಿಲ್ಲರೆ ಅಂಗಡಿಗೆ ಬಂದದ್ದು. ಹೆಸರಿಲ್ಲದ ಪೊಟ್ಟಣದ ಮೇಲೆ ಅದು ಬಟ್ಟೆಗೋ ತಿನಿಸಿಗೋ ಎಂದು ತಿಳಿಯುವ ಬಗೆ ಯಾವುದು? ಕೊನೆಯವನನ್ನಷ್ಟೇ ಹಿಡಿದರೆ ವಿಷದ ಮೂಲ ಹಾಗೇ ಉಳಿಯುತ್ತದೆ. ಕಾನೂನು ಮೊದಲು ಬಣ್ಣ ಮಾರುವ ಅಂಗಡಿಗೆ ಹೋಗಬೇಕು, ಆಮೇಲೆ ಗಾಡಿಗೆ. ಈ ಉಪನ್ಯಾಸದಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ.

ಅದಕ್ಕಾಗಿ ಮೂರು ಕೆಲಸ ಆಗಬೇಕು. ಕೈಗಾರಿಕೆಯ ಬಣ್ಣದ ಪ್ರತಿ ಪೊಟ್ಟಣದ ಮೇಲೂ ‘ತಿನ್ನುವುದಕ್ಕಲ್ಲ’ ಎಂದು ದಪ್ಪಕ್ಷರದ ಕನ್ನಡದಲ್ಲಿ ಇರಬೇಕು. ದಿನಸಿ ಅಂಗಡಿಯಲ್ಲಿ ಅದನ್ನು ಬಿಡಿಯಾಗಿ ಮಾರಕೂಡದು. ಎರಡನೆಯದು, ಸಂಚಾರಿ ಪ್ರಯೋಗಾಲಯದ ವಾಹನ ತೇರಿನ ಹಿಂದಿನ ದಿನವೇ ಜಾತ್ರೆಯ ಬಯಲಿಗೆ ಬರಬೇಕು. ಮೂರನೆಯದು ನಮ್ಮ ಕೈಯಲ್ಲೇ ಇದೆ. ಅಂಗಡಿಗೆ ಜಾಗ ಕೊಡುವವರು ಜಾತ್ರಾ ಸಮಿತಿ ಮತ್ತು ಪಂಚಾಯಿತಿಯವರು. ಬಣ್ಣ ಹಾಕದ ತಿನಿಸನ್ನೇ ಮಾರಬೇಕೆಂದು ಜಾಗ ಕೊಡುವಾಗಲೇ ಷರತ್ತು ಹಾಕಿದರೆ ಎಷ್ಟೋ ಕೆಲಸ ಮುಗಿಯುತ್ತದೆ.

ಕೊಳ್ಳುವವರಿಗೂ ಹಕ್ಕಿದೆ. ಕಾಯ್ದೆಯ 40ನೆಯ ಕಲಮಿನ ಪ್ರಕಾರ, ಮಾರಿದವನಿಗೆ ತಿಳಿಸಿ, ಶುಲ್ಕ ಕಟ್ಟಿ, ಯಾರು ಬೇಕಾದರೂ ಕೊಂಡ ತಿನಿಸನ್ನು ಪರೀಕ್ಷೆಗೆ ಕೊಡಬಹುದು. ಅದು ಕೆಟ್ಟದ್ದೆಂದು ವರದಿ ಬಂದರೆ ಶುಲ್ಕ ವಾಪಸು. ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೂ ಇದೆ. ರಾಗಿಗೂ ರೊಡಮೈನ್-ಬಿ ಬೆರೆಸುವುದುಂಟು. ನೀರಿನಲ್ಲೋ ಎಣ್ಣೆಯಲ್ಲೋ ಅದ್ದಿದ ಹತ್ತಿಯಿಂದ ಕಾಳು ಉಜ್ಜಿ; ಹತ್ತಿಗೆ ಕೆಂಪು ಹತ್ತಿದರೆ ಸಂಶಯಪಡಿ. ಶಾಲೆಗಳಲ್ಲಿ ಮಕ್ಕಳಿಂದಲೇ ಇದನ್ನು ಮಾಡಿಸಬಹುದು.

2021ರಲ್ಲಿ ನಮ್ಮ ತಾಲ್ಲೂಕುಗಳೆಲ್ಲ ಹೊಸ ವಿಜಯನಗರ ಜಿಲ್ಲೆಗೆ ಸೇರಿದವು. ಕಚೇರಿ ಹತ್ತಿರವಾದ ಮೇಲೆ ಕೇಳುವ ದನಿಯೂ ಗಟ್ಟಿಯಾಗಬೇಕು. ಮುಂದಿನ ಜಾತ್ರೆಗಳ ಪೂರ್ವಭಾವಿ ಸಭೆಯಲ್ಲಿ ನೀರು, ದೀಪ, ಬಸ್ಸಿನ ಜೊತೆಗೆ ತಿನಿಸಿನ ತಪಾಸಣೆಯೂ ಚರ್ಚೆಗೆ ಬರಲಿ. ಅದನ್ನು ಕೇಳುವವರು ಇಲ್ಲಿ ಕುಳಿತಿರುವ ನೀವೇ ಆಗಿರಿ.