ಮುಂದಾಳಿನ ನಡೆ, ಊರಿನ ದುಡಿಮೆ



ಹತ್ತು ಜನ ಕೂಡಿ ಹಿಡಿದ ಕೆಲಸವು ಒಂದೂರಿನಲ್ಲಿ ಕೈಗೂಡುತ್ತದೆ, ನೆರೆಯೂರಿನಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಜನರೂ ಅಂಥವರೇ, ಹಣವೂ ಅಷ್ಟೇ. ಅಂತರವಿರುವುದು ಬಹುಮಟ್ಟಿಗೆ ಮುಂದೆ ನಿಂತವರ ನಡೆಯಲ್ಲಿ ಎಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ನಿದರ್ಶನವನ್ನು ದೂರ ಅರಸಬೇಕಾಗಿಲ್ಲ. 12ನೆಯ ಶತಮಾನದಲ್ಲಿ ನಮ್ಮ ಸೊನ್ನಲಿಗೆಯ ಸಿದ್ಧರಾಮರು ಜನರನ್ನು ಕೂಡಿಸಿ ಕೆರೆ ಕಟ್ಟಿಸಿದರು. ಮಳೆ ಕಡಿಮೆಯಾದ ಈ ನೆಲದಲ್ಲಿ ಕೆರೆಯೆಂದರೆ ಜೀವವೇ ಸರಿ. ಆ ಕೆಲಸ ನಡೆದಿದ್ದಾಗ ಅಲ್ಲಮಪ್ರಭುಗಳು ಬಂದು 'ಒಡ್ಡರಾಮ'ನೆಲ್ಲಿ ಎಂದು ಕೇಳಿದರಂತೆ. ತಮ್ಮ ಗುರುವನ್ನು ಹಳಿದರೆಂದು ಕೆಲಸದವರು ಕೆರಳಿ ಕಲ್ಲೆಸೆದರೆಂದು ಶೂನ್ಯಸಂಪಾದನೆಯು ಹೇಳುತ್ತದೆ. ಸಿದ್ಧರಾಮರೂ ಮೊದಲು ಮುನಿದರು. ಆದರೆ ವಾದದ ಕೊನೆಗೆ ಅಲ್ಲಮರ ಮಾತಿನ ಹುರುಳನ್ನು ಒಪ್ಪಿ, ಅವರೊಡನೆ ಕಲ್ಯಾಣಕ್ಕೆ ನಡೆದರು. ಜನರೆಲ್ಲ ತನ್ನ ಪರವಾಗಿ ಕಲ್ಲೆತ್ತಿ ನಿಂತಾಗಲೂ ಟೀಕೆಗೆ ಕಿವಿಗೊಟ್ಟವನೇ ನಿಜವಾದ ಮುಂದಾಳು. ಆ ಕೆರೆಯು ಇಂದಿಗೂ ಸೊಲ್ಲಾಪುರದ ನಡುವೆ ಇದೆ.

2008ರಲ್ಲಿ ವಾಲುಂಬ್ವಾ ಮೊದಲಾದ ವಿದ್ವಾಂಸರು ಇಂಥ ನಾಯಕತ್ವಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದರು: ತನ್ನನ್ನು ತಾನು ಅರಿಯುವುದು, ಮುಚ್ಚುಮರೆಯಿಲ್ಲದಿರುವುದು, ತನಗೊಪ್ಪದ ಮಾತನ್ನೂ ತೂಗಿ ನೋಡುವುದು, ಅಂತರಂಗದ ನೀತಿಯಂತೆ ನಡೆಯುವುದು. ಅಂಥವರೊಡನೆ ದುಡಿಯುವವರಲ್ಲಿ ನಂಬಿಕೆ ಬೆಳೆಯುತ್ತದೆ. ನಂಬಿಕೆಯಿದ್ದಲ್ಲಿ ತಪ್ಪನ್ನು ಯಾರೂ ಬಚ್ಚಿಡುವುದಿಲ್ಲ. ತಪ್ಪು ಬೇಗ ತಿಳಿದರೆ ಕೆಲಸ ಬೇಗ ನೇರ್ಪಡುತ್ತದೆ.

ನಮ್ಮ ಕಾಲಕ್ಕೆ ಹತ್ತಿರದವರಾದ ಜಯದೇವಿತಾಯಿ ಲಿಗಾಡೆಯವರನ್ನು ನೆನೆಯಿರಿ. 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಆ ತಾಯಿ ಶಾಲೆಯಲ್ಲಿ ಕಲಿತದ್ದು ಮರಾಠಿ. ಕನ್ನಡವನ್ನು ಸ್ವಂತ ಪ್ರಯತ್ನದಿಂದ ಕಲಿತು, ಸಿದ್ಧರಾಮರ ಪುರಾಣವನ್ನೇ ಕನ್ನಡದಲ್ಲಿ ರಚಿಸಿದರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದರು. ಕನ್ನಡ ಕಲಿಯಿರೆಂದು ಪರರಿಗೆ ಹೇಳುವ ಮೊದಲು ತಾವೇ ಕಲಿತರು. ಆದುದರಿಂದಲೇ ಅವರ ಮಾತಿಗೆ ಬೆಲೆ ಬಂದಿತು.

ಈಗ ನಮ್ಮ ಊರುಗಳತ್ತ ನೋಡೋಣ. ವೇದಿಕೆಯ ಮೇಲೆ ಕನ್ನಡವನ್ನು ಹೊಗಳುವ ಹಿರಿಯರು ತಮ್ಮ ಮಗುವನ್ನು ಕನ್ನಡ ಶಾಲೆಯಿಂದ ಬಿಡಿಸಿದರೆ, ನೆರೆಯವರು ಅವರ ಭಾಷಣವನ್ನು ಬಿಟ್ಟು ಅವರ ಹೆಜ್ಜೆಯನ್ನೇ ಹಿಡಿಯುತ್ತಾರೆ. ಮಕ್ಕಳಿಲ್ಲದ ಶಾಲೆಯು ಎಷ್ಟು ದಿನ ಉಳಿದೀತು? ಶಾಲೆಯ ಸಮಿತಿಯಾಗಲಿ, ಹಾಲಿನ ಸಂಘವಾಗಲಿ, ಲೆಕ್ಕವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳುವವರನ್ನು, ಪ್ರಶ್ನೆ ಕೇಳಿದವನ ಮೇಲೆ ಮುನಿಯದವರನ್ನು ಮುಂದೆ ನಿಲ್ಲಿಸೋಣ. ಕೇಳುವ ಹೊಣೆ ನಮ್ಮದೂ ಆಗಿದೆ. ಜೈಕಾರವೊಂದನ್ನೇ ಕಲಿತ ಊರಿಗೆ ಒಳ್ಳೆಯ ಮುಂದಾಳು ದೊರೆಯುವುದು ಕಷ್ಟ.