ಹೊಳೆದಂಡೆಯ ಮನೆಗೆ ಸಾಲ ಕೊಡಬೇಕೇ?

(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಸಂಘಕ್ಕೆ 25 ವರ್ಷ ತುಂಬಿದ್ದು ಎಲ್ಲರಿಗೂ ಹೆಮ್ಮೆಯ ಸಂಗತಿ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಹಚ್ಚಿದ ಸಹಕಾರದ ದೀಪ ನಮ್ಮಂಥ ಸಣ್ಣ ಊರಿಗೂ ಬಂದು ಮುಟ್ಟಿದೆ. ಸಂಘದ ಏಳಿಗೆಯ ಬಗ್ಗೆ ಹಿರಿಯರು ಈಗಾಗಲೇ ಹೇಳಿದ್ದಾರೆ. ನಾವು ಒಂದೇ ವಿಷಯ ಹೇಳುತ್ತೇವೆ. ಅದು ಈ ವರ್ಷ ಬಂದ ಒಂದು ಮನೆಸಾಲದ ಅರ್ಜಿಯ ವಿಷಯ. ಊರಲ್ಲಿ ಇದರ ಮೇಲೆ ಬಹಳ ಮಾತು ನಡೆದಿದ್ದರಿಂದ ಎಲ್ಲರ ಮುಂದೆ ಬಿಡಿಸಿ ಹೇಳುವುದು ಒಳ್ಳೆಯದು.

ಸದಸ್ಯರ ಹೆಸರು ಬೇಡ. ಹೊಳೆದಂಡೆಯ ತಮ್ಮ ಹೊಲದಲ್ಲಿ ಮನೆ ಕಟ್ಟಬೇಕು, ಸಾಲ ಕೊಡ್ರಿ ಅಂತ ಅವರು ಕೇಳಿದರು. ಅವರ ಕಾರಣ ಹಗುರವಾದದ್ದಲ್ಲ. ನವಗ್ರಾಮದ ಮನೆ ಹೊಲದಿಂದ ದೂರ. ದನ ಕಟ್ಟಲು, ಮೇವು ಒಟ್ಟಲು ಅಲ್ಲಿ ಜಾಗ ಇಲ್ಲ. ರಾತ್ರಿ ಕರೆಂಟು ಬಂದರೆ ಮೋಟಾರು ಚಾಲೂ ಮಾಡಲು ಕತ್ತಲೆಯಲ್ಲಿ ನಡೆಯಬೇಕು. "ರೈತ ಹೊಲದಾಗ ಇರಬೇಕ್ರಿ" ಅಂದರು. ಈ ಮಾತಿಗೆ ನಮ್ಮಲ್ಲಿ ಯಾರೂ ಇಲ್ಲ ಅನ್ನಲಿಲ್ಲ.

ಆದರೆ ಹೊಳೆಯ ಲೆಕ್ಕವನ್ನೂ ನೋಡಬೇಕಲ್ಲ. ನಮ್ಮ ಮಲಪ್ರಭೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ನವಿಲುತೀರ್ಥದ ಅಣೆಕಟ್ಟು ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮಳೆ ಕಮ್ಮಿಯಾದ ವರ್ಷ ಅಣೆಕಟ್ಟೇ ತುಂಬುವುದಿಲ್ಲ. ಆಗ ನಮ್ಮ ಹೊಳೆ ಹಳ್ಳದ ಹಾಗೆ ಕಾಣುತ್ತದೆ. ನಾಲ್ಕು ವರ್ಷ ಹೀಗೇ ಹೋದರೆ ಪಾತ್ರದಲ್ಲಿ ಜಾಲಿ ಬೆಳೆಯುತ್ತದೆ, ಬದು ಮುಂದೆ ಸರಿಯುತ್ತದೆ, ಕಬ್ಬು ನೀರಿನ ತನಕ ಇಳಿಯುತ್ತದೆ. ಹೊಳೆ ಸಣ್ಣದಾಯಿತು ಅಂತ ಜನ ತಿಳಿಯುತ್ತಾರೆ. ನಿಜವಾಗಿ ಸಣ್ಣದಾದದ್ದು ಅದು ಹರಿಯುವ ಹಾದಿ.

ಅಣೆಕಟ್ಟಿನಿಂದ ನೀರು ಬಿಡುವಾಗ ಊರಲ್ಲಿ ಡಂಗುರ ಸಾರಿಸುತ್ತಾರೆ. ಬೆಣ್ಣಿಹಳ್ಳದ ನೀರಿಗೆ ಆ ಕಟ್ಟಳೆ ಇಲ್ಲ. ಕುಂದಗೋಳ, ನವಲಗುಂದದ ಎರೆಭೂಮಿಯ ಮಳೆನೀರನ್ನೆಲ್ಲ ಹೊತ್ತು ಅದು ನಮ್ಮ ಮೇಲ್ಭಾಗದಲ್ಲಿ ಹೊಳೆಗೆ ಬಂದು ಕೂಡುತ್ತದೆ. 2009ರ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಅಕ್ಟೋಬರ್‌ನಲ್ಲಿ ಏನು ಮಾಡಿತು ಅಂತ ನಿಮಗೆ ಹೇಳಬೇಕಾಗಿಲ್ಲ. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ಹೊಳೆ ಬಂತು. ಸಂಘದ 25 ವರ್ಷದಲ್ಲಿ ಇಂಥ ದೊಡ್ಡ ಹೊಳೆ ಎರಡು ಬಂದವು.

ಕಾಗದ ನೋಡಿ ಅರ್ಜಿ ತಳ್ಳುವುದು ಸರಿಯಲ್ಲ ಅಂತ ನಾವು ನಿರ್ದೇಶಕರು ಅರ್ಜಿದಾರರನ್ನೂ ಗೌಂಡಿಯನ್ನೂ ಕರೆದುಕೊಂಡು ಜಾಗಕ್ಕೆ ಹೋದೆವು. ಶಾಲೆಯ ಗೋಡೆಯ ಮೇಲೆ 2019ರ ನೀರಿನ ಗುರುತು ಇನ್ನೂ ಇದೆ. ಗೌಂಡಿ ನೀರು ತುಂಬಿದ ಪೈಪು ಹಿಡಿದು ಅಲ್ಲಿಂದ ಹಂತ ಹಂತವಾಗಿ ಮಟ್ಟ ತಂದ. ಪಾಯಕ್ಕೆ ಗೂಟ ಹೊಡೆದ ಜಾಗದಲ್ಲಿ ಆ ಗುರುತು ನೆಲದಿಂದ ಆರು ಅಡಿ ಮೇಲೆ ಬಂತು. ಅಂದರೆ ಬಾಗಿಲ ಚೌಕಟ್ಟಿನ ಸಮ ನೀರು.

"ಪಾಯ ಎತ್ತರ ಮಾಡ್ತೀನಿ" ಅಂದರು. ಎಂಟು ಅಡಿ ಪಾಯ ತುಂಬಿಸಿದರೆ ಸಾಲದ ದೊಡ್ಡ ಪಾಲು ನೆಲದಲ್ಲೇ ಹೋಗುತ್ತದೆ. ಸುತ್ತ ನೀರು ನಿಂತಾಗ ದನ ಎಲ್ಲಿಗೆ ಹೋಗಬೇಕು, ಬಾಣಂತಿಯನ್ನು ಹೇಗೆ ಸಾಗಿಸಬೇಕು? ಮಣ್ಣು ಒಟ್ಟಿದ ಕಡೆ ತಡೆದ ನೀರು ಪಕ್ಕದವರ ಹೊಲಕ್ಕೆ ನುಗ್ಗುತ್ತದೆ.

"ಆರ್.ಸಿ.ಸಿ. ಮನಿ ಬೀಳಂಗಿಲ್ಲ" ಅಂದರು. 2009ರಲ್ಲಿ ಬಹಳವಾಗಿ ಬಿದ್ದವು ಮಣ್ಣಿನ ಮನೆಗಳು, ಅದು ಖರೆ. ಆದರೆ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಸೆಳವು ಪಾಯದ ಬುಡದ ಮಣ್ಣನ್ನು ಕೊರೆದರೆ ಸಿಮೆಂಟಿನ ಗೋಡೆಯೂ ಸೀಳುತ್ತದೆ.

"ಸರಕಾರ ಪರಿಹಾರ ಕೊಡ್ತದ" ಅಂತಲೂ ಕೆಲವರು ಹೇಳಿದರು. 2019ರಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಣೆಯಾಗಿತ್ತು. ಅದು ಮತ್ತೆ ಮನೆ ಕಟ್ಟಲು ಕೊಡುವ ಹಣ. ಬಿದ್ದ ಮನೆಯ ಸಾಲದ ಕಂತನ್ನು ಅದು ಕಟ್ಟುವುದಿಲ್ಲ.

ಈಗ ಸಂಘದ ಲೆಕ್ಕ ಕೇಳಿರಿ. ಮನೆಸಾಲದ ಕಂತು 10 ವರ್ಷ. 2009ಕ್ಕೂ 2019ಕ್ಕೂ ನಡುವಿನ ಅಂತರವೂ 10 ವರ್ಷ. ಒಂದು ವರ್ಷದಲ್ಲಿ ಹೊಳೆ ಬರುವ ಸಂಭವ ಹತ್ತರಲ್ಲಿ ಒಂದು ಅಂತ ಹಿಡಿದರೆ, ಹತ್ತು ವರ್ಷದೊಳಗೆ ಒಮ್ಮೆಯಾದರೂ ಬರುವ ಸಂಭವ ನೂರಕ್ಕೆ 65 ಆಗುತ್ತದೆ. ಒಂದು ಹೊಳೆ ಹೋಗಿ ಹತ್ತು ವರ್ಷ ನಿಶ್ಚಿಂತೆ ಅಂತ ಯಾರೂ ತಿಳಿಯಬಾರದು, ಮರುವರ್ಷವೇ ಬಂದೀತು. ನಾವು ಕೊಡುವ ಸಾಲ ಹಾಲು ಮಾರಿದ ತಾಯಂದಿರ ಠೇವಣಿ, ಕೂಲಿಯವರ ಷೇರು. ಅದನ್ನು ಹೊಳೆಯ ಪಾತ್ರದಲ್ಲಿ ಇಡುವ ಹಕ್ಕು ನಿರ್ದೇಶಕರಿಗಿಲ್ಲ.

ಆದ್ದರಿಂದ ಆಡಳಿತ ಮಂಡಳಿ ಹೀಗೆ ತೀರ್ಮಾನಿಸಿದೆ. ಗೂಟ ಹೊಡೆದ ಜಾಗಕ್ಕೆ ಸಾಲ ಇಲ್ಲ. ಅದೇ ಹೊಲದ ಮೇಲ್ತುದಿ, ರಸ್ತೆಯ ಕಡೆ, 2019ರ ಗುರುತಿಗಿಂತ ಎತ್ತರ ಇದೆ. ಅಲ್ಲಿ ಕಟ್ಟಿದರೆ, ಕಂದಾಯ ಇಲಾಖೆಯ ಮತ್ತು ಪಂಚಾಯಿತಿಯ ಕಾಗದಪತ್ರ ಸರಿ ಇದ್ದರೆ, ಸಾಲ ಕೊಡುತ್ತೇವೆ. ಹೊಳೆಯ ಕಡೆ ಬಿಚ್ಚಿ ಒಯ್ಯಲು ಬರುವ ತಗಡಿನ ಶೆಡ್ಡು ಸಾಕು. ಇನ್ನು ಮುಂದೆ ಯಾವ ಮನೆಸಾಲಕ್ಕೂ, ಅದು ನಿರ್ದೇಶಕರ ಮನೆಯಾದರೂ, ಮೊದಲು ಜಾಗದ ಮಟ್ಟ ಹಿಡಿಯುವುದು ನಿಯಮ.

ಅರ್ಜಿದಾರರಿಗೆ ಇದರಿಂದ ಬೇಸರವಾಗಿದೆ. ಮೇಲ್ತುದಿಯ ಹೊಲ ಒಳ್ಳೆಯ ಹೊಲ, ಅಲ್ಲಿ ಮನೆ ಕಟ್ಟಿದರೆ ಬೆಳೆ ಹೋಗುತ್ತದೆ. ಅವರು ಇನ್ನೂ ಒಪ್ಪಿಲ್ಲ. ಅವರ ನಷ್ಟ ನಮಗೂ ಗೊತ್ತು. ಜನ ಹೊಳೆದಂಡೆಗೆ ತಿರುಗಿ ಯಾಕೆ ಬರುತ್ತಾರೆ ಅಂತ ನಾವೆಲ್ಲ ವಿಚಾರ ಮಾಡಬೇಕು. ನವಗ್ರಾಮದಲ್ಲಿ ದನಕ್ಕೆ ಜಾಗ, ಹೊಲದ ತನಕ ಒಳ್ಳೆಯ ರಸ್ತೆ ಆಗುವವರೆಗೆ ಇಂಥ ಅರ್ಜಿ ಬರುತ್ತಲೇ ಇರುತ್ತವೆ. ಈ ಎರಡು ಬೇಡಿಕೆಯ ಠರಾವು ಇಂದಿನ ಸಭೆಯ ಮುಂದೆ ಇದೆ. ಎಲ್ಲರೂ ಕೈ ಎತ್ತಿ ಒಪ್ಪಿಗೆ ಕೊಡಬೇಕು ಅಂತ ವಿನಂತಿಸಿ ನಮ್ಮ ಮಾತು ಮುಗಿಸುತ್ತೇವೆ.

 ಜೈ ಸಹಕಾರ.