ಪರೀಕ್ಷೆ ಮುಗಿದ ಮೇಲಿನ ಅರ್ಧ ಗಂಟೆ

(ಸಂಘದ ವಾರ್ಷಿಕ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ ‘ಪರೀಕ್ಷೆಗೆ ಸಿದ್ಧತೆ’. ಬೆಳಿಗ್ಗೆ ಬೇಗ ಏಳಿ, ವೇಳಾಪಟ್ಟಿ ಹಾಕಿಕೊಳ್ಳಿ, ಮೊಬೈಲ್ ದೂರ ಇಡಿ ಎಂದು ಹೇಳುವವರು ನಿಮ್ಮ ಮನೆಯಲ್ಲಿಯೇ ನಾಲ್ಕು ಜನ ಇದ್ದಾರೆ. ನಾನು ಐದನೆಯವನಾಗುವುದು ಬೇಡ. ಪರೀಕ್ಷೆ ಮುಗಿದು ನೀವು ಗೇಟಿನ ಹೊರಗೆ ಬಂದ ಮೇಲಿನ ಅರ್ಧ ಗಂಟೆಯ ಬಗ್ಗೆ ಮಾತ್ರ ಮಾತನಾಡುತ್ತೇನೆ. ಆ ಅರ್ಧ ಗಂಟೆಯಲ್ಲಿ ನಾನೂ ಒಮ್ಮೆ ನಾಪಾಸಾಗಿದ್ದೇನೆ.

2021ರ ಎಸ್ಸೆಸ್ಸೆಲ್ಸಿ ಪರೀಕ್ಷೆ ನಿಮ್ಮಲ್ಲಿ ಹಲವರ ಅಣ್ಣಂದಿರಿಗೆ, ಅಕ್ಕಂದಿರಿಗೆ ನೆನಪಿರಬಹುದು. ಕೋವಿಡ್ ಕಾರಣದಿಂದ ಆ ವರ್ಷ ಪರೀಕ್ಷೆ ಎರಡೇ ದಿನ ನಡೆಯಿತು. ಜುಲೈ 19ರಂದು ಗಣಿತ, ವಿಜ್ಞಾನ, ಸಮಾಜ ವಿಜ್ಞಾನ. ಜುಲೈ 22ರಂದು ಮೂರು ಭಾಷೆಗಳು. ಒಂದೊಂದು ವಿಷಯಕ್ಕೆ 40 ಪ್ರಶ್ನೆ, ದಿನಕ್ಕೆ 120 ಅಂಕ, ಮೂರು ಗಂಟೆ. ಪ್ರಬಂಧವಿಲ್ಲ, ಪತ್ರಲೇಖನವಿಲ್ಲ. ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಒಎಂಆರ್ ಹಾಳೆಯಲ್ಲಿ ಕಪ್ಪು ಮಸಿ ತುಂಬಬೇಕು, ಅಷ್ಟೇ.

ಇದರಿಂದ ಒಂದು ಬದಲಾವಣೆ ಆಯಿತು. ಹಿಂದೆಲ್ಲ ಮಕ್ಕಳು ಹೊರಗೆ ಬಂದರೆ ‘ನೀನು ಎಷ್ಟು ಪುಟ ಬರೆದೆ’ ಎಂದು ಕೇಳುತ್ತಿದ್ದರು. ಪುಟಗಳನ್ನು ಹೋಲಿಸಿದರೆ ಯಾರಿಗೂ ಅಷ್ಟು ನೋವಾಗುವುದಿಲ್ಲ. ಆ ದಿನ ಹೋಲಿಸಲು ಇದ್ದದ್ದು ಎ, ಬಿ, ಸಿ, ಡಿ. ‘ನಿನ್ನದು ಬಿ? ನಮ್ಮದೆಲ್ಲ ಡಿ!’ ಎಂದ ಕೂಡಲೇ ಒಬ್ಬರ ಮುಖ ಬಾಡುತ್ತದೆ. ಅದರಲ್ಲೂ ವ್ಯಾಕರಣದ ಪ್ರಶ್ನೆಗಳೆಂದರೆ ಕೇಳುವುದೇ ಬೇಡ. ಪಾಠದ ಪ್ರಶ್ನೆಗಾದರೆ ಪುಸ್ತಕ ತೆರೆದು ತೋರಿಸಬಹುದು. ಸಂಧಿಗೆ, ಸಮಾಸಕ್ಕೆ ಯಾರ ದನಿ ದೊಡ್ಡದೋ ಅವರದೇ ಉತ್ತರ.

ಅಂಕೋಲೆಯಲ್ಲಿ ಅವತ್ತು ಜೋರು ಮಳೆ. ಪರೀಕ್ಷಾ ಕೇಂದ್ರದ ಹೊರಗೆ ಒಂದು ಅಂಗಡಿಯ ತಗಡಿನ ಮಾಡಿನ ಕೆಳಗೆ ನಮ್ಮ ಶಾಲೆಯ ಏಳೆಂಟು ಮಕ್ಕಳು ನಿಂತಿದ್ದರು. ಅಂತರ ಕಾಪಾಡಿ ಎಂದರೆ ಕೇಳುವವರಾರು! ನಾನು ಕಾರವಾರಕ್ಕೆ ಹೋಗುವ ಬಸ್ಸಿನ ಅವಸರದಲ್ಲಿದ್ದೆ. ಒಬ್ಬ ಹುಡುಗ ಓಡಿ ಬಂದು, ಮಾಸ್ಕಿನ ಒಳಗಿನಿಂದಲೇ, “ಸರ್, ಗುರು ಶಬ್ದಕ್ಕೆ ವ ಬಂದರೆ ಯಣ್ ಸಂಧಿ ಅಲ್ವಾ?” ಎಂದ. (ಪತ್ರಿಕೆಯಲ್ಲಿದ್ದ ಪದವನ್ನೇ ಇಲ್ಲಿ ಕೊಡುತ್ತಿಲ್ಲ, ಅದೇ ಜಾತಿಯ ಪದ ಕೊಡುತ್ತಿದ್ದೇನೆ.) ನಾನು ಪ್ರಶ್ನೆಯನ್ನು ಪೂರ್ತಿ ಕೇಳಲಿಲ್ಲ. ನನ್ನ ತಲೆಯಲ್ಲಿ ‘ಗುರು ಆಜ್ಞೆ, ಗುರ್ವಾಜ್ಞೆ’ ಎಂಬ ತರಗತಿಯ ಉದಾಹರಣೆ ಓಡಿತು. “ಹೌದು, ಯಣ್” ಎಂದು ಛತ್ರಿ ಬಿಡಿಸಿ ನಡೆದೆ.

ಹಿಂದಿನಿಂದ ಹುಡುಗರು ‘ನೋಡು, ಸರ್ ಹೇಳಿದರು’ ಎಂದು ಕೂಗಿದ್ದು ಕೇಳಿಸಿತು. ಅವರ ಎದುರು ಒಬ್ಬಳೇ ಹುಡುಗಿ ನಿಂತಿದ್ದಳು. ಆಗಮ ಎಂದು ಗುರುತಿಸಿದವಳು ಅವಳೊಬ್ಬಳೇ.

ಬಸ್ಸು ಅರ್ಧ ದಾರಿ ಬಂದ ಮೇಲೆ ನನಗೆ ಅನುಮಾನ ಹತ್ತಿತು. ಹುಡುಗನಿಗೆ ಫೋನ್ ಮಾಡಿ ಪದ ಯಾವುದೆಂದು ಕೇಳಿದೆ. ‘ಗುರುವನ್ನು’ ಎಂದ. ಅದು ಗುರ್ವಾಜ್ಞೆ ಅಲ್ಲವೇ ಅಲ್ಲ.

ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ನಿಲ್ಲಿ, ಇದು ಚಂದದ ವಿಷಯ. ಮೂರು ಪದ ತೆಗೆದುಕೊಳ್ಳಿ. ಊರು, ಗುರು, ಮನು. ಮೂರಕ್ಕೂ ಕೊನೆಯಲ್ಲಿ ಉಕಾರ. ಮುಂದೆ ಅಕಾರ ಬರಲಿ. ಊರು ಮತ್ತು ಅನ್ನು ಸೇರಿ ‘ಊರನ್ನು’ ಆಯಿತು. ಉಕಾರ ಹೋಯಿತು, ಬದಲಿಗೆ ಏನೂ ಬರಲಿಲ್ಲ. ಇದು ಲೋಪ. ಗುರು ಮತ್ತು ಅನ್ನು ಸೇರಿದಾಗ ಹಾಗೆ ಮಾಡಿದರೆ ‘ಗುರನ್ನು’ ಆಗಿ ಅರ್ಥವೇ ಕೆಡುತ್ತದೆ. ಆದ್ದರಿಂದ ಉಕಾರ ತನ್ನ ಜಾಗದಲ್ಲಿ ಉಳಿಯಿತು, ನಡುವೆ ವಕಾರ ಹೊಸದಾಗಿ ಬಂದು ‘ಗುರುವನ್ನು’ ಆಯಿತು. ಇದು ಆಗಮ. ಮನು ಮತ್ತು ಅಂತರ ಸೇರಿ ‘ಮನ್ವಂತರ’ ಆದಾಗ ಉಕಾರ ಎದ್ದು ಹೋಗಿ ಅದರ ಕುರ್ಚಿಯಲ್ಲಿಯೇ ವಕಾರ ಕುಳಿತಿತು. ಇದು ಯಣ್. ವ ಬಂತೇ ಎಂದು ಕೇಳಿದರೆ ಸಾಲದು. ವ ಬಂದಾಗ ಉ ಎಲ್ಲಿಗೆ ಹೋಯಿತು ಎಂದು ಕೇಳಬೇಕು. ಗುರು ಸಂಸ್ಕೃತ ಪದ, ಆದ್ದರಿಂದ ಸಂಸ್ಕೃತ ಸಂಧಿ ಎನ್ನುವುದು ನಮ್ಮ ಹುಡುಗರ ಲೆಕ್ಕ. ಅದಕ್ಕೆ ಹತ್ತಿದ ‘ಅನ್ನು’ ಕನ್ನಡದ್ದೆಂಬುದನ್ನು ಅವರು ಮರೆತಿದ್ದರು.

ಉರ್ದು ಓದುವ ನಮ್ಮ ಮಕ್ಕಳಿಗೆ ಸಂಧಿ ಕಷ್ಟ ಎಂದು ಕೆಲವು ಪಾಲಕರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸಂಧಿ ನಮ್ಮ ಹೆಸರುಗಳಲ್ಲಿಯೇ ಇದೆ. ‘ಅಬ್ದುಲ್’ ಮುಂದೆ ‘ಕರೀಂ’ ಬಂದರೆ ಲಕಾರ ಹಾಗೆಯೇ ಉಳಿಯುತ್ತದೆ. ‘ರಹಮಾನ್’ ಬಂದರೆ? ಬಾಯಿಯಲ್ಲಿ ಲಕಾರ ಹೋಗಿ ರಕಾರ ಬಂದು ‘ಅಬ್ದುರ್ರಹಮಾನ್’ ಆಗುತ್ತದೆ. ಅರಬ್ಬಿಯ 28 ಅಕ್ಷರಗಳಲ್ಲಿ ಹೀಗೆ ಲಕಾರವನ್ನು ತನ್ನಂತೆ ಮಾಡಿಕೊಳ್ಳುವ 14 ಅಕ್ಷರಗಳು ಶಮ್ಸಿ, ಉಳಿದ 14 ಕಮರಿ. ನಮ್ಮ ವ್ಯಾಕರಣದಲ್ಲಿ ‘ಮಳೆ ಕಾಲ’ ಹೋಗಿ ‘ಮಳೆಗಾಲ’ ಆಗುವ ಆದೇಶಕ್ಕೆ ಇದು ಹತ್ತಿರದ ನೆಂಟ. ಮನೆಯಲ್ಲಿ ದಖ್ಖನಿ ಇರಲಿ, ಕೊಂಕಣಿ ಇರಲಿ, ಮಗುವಿನ ಕಿವಿಗೆ ಈ ಬದಲಾವಣೆ ಗೊತ್ತು. ಹೆಸರು ಹೇಳಿಕೊಡುವವರು ಬೇಕು.

ಈಗ ಆ ಹುಡುಗಿಯ ಮಾತಿಗೆ ಬರೋಣ. ರಾತ್ರಿ ಅವಳ ಮನೆಗೆ ಫೋನ್ ಮಾಡಿದೆ, ಹತ್ತಲಿಲ್ಲ. ಬೆಳಗಾದರೆ ಜುಲೈ 23. ಆ ದಿನ ಏನಾಯಿತೆಂದು ಅಂಕೋಲೆಯವರಿಗೆ ನಾನು ಹೇಳಬೇಕಿಲ್ಲ. ಗಂಗಾವಳಿ ಉಕ್ಕಿತು. ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು, ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿಯಿತು. ಇತ್ತ ಕಾಳಿ ನದಿಯ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟು ಕಾರವಾರ ಭಾಗದ ಊರುಗಳೂ ಮುಳುಗಿದವು. ಅವಳ ಮನೆ ಗಂಗಾವಳಿಯ ದಂಡೆಯಲ್ಲಿ. ಕರೆಂಟಿಲ್ಲ, ಫೋನಿಲ್ಲ. ಒಂದು ಸಂಧಿಯ ಮಾತು ಹೇಳಲು ಹುಡುಕಿಕೊಂಡು ಹೋಗುವ ಹೊತ್ತಲ್ಲ ಅದು.

ಒಂದು ವಾರದ ನಂತರ ಹೋದೆ. ಮನೆ ನಿಂತಿತ್ತು, ಸಾಮಾನು ಹೋಗಿತ್ತು. ಅವಳು ತಾಯಿಯ ಜೊತೆ ಹಿತ್ತಲಿನಲ್ಲಿ ಕೆಸರು ತೊಳೆಯುತ್ತಿದ್ದಳು. ಅಂಗಳದಲ್ಲಿ ಕುಳಿತ ತಂದೆ ಮಾತಿನ ನಡುವೆ, “ಇವಳ ಕಾಲೇಜು ಬೇಡ ಅಂತ ಮಾಡಿದ್ದೇವೆ ಸರ್. ಖರ್ಚೂ ಬಂತು, ಪರೀಕ್ಷೆಯೂ ಚೆನ್ನಾಗಿ ಆಗಿಲ್ಲವಂತೆ. ನೀವೇ ತಪ್ಪು ಅಂದಿರಂತೆ” ಎಂದರು.

ಫಲಿತಾಂಶ ಇನ್ನೂ ಬಂದಿರಲಿಲ್ಲ, ಅದು ಬಂದದ್ದು ಆಗಸ್ಟ್ 9ಕ್ಕೆ. ಆ ಮನೆಯಲ್ಲಿ ಮಾತ್ರ ಅದು ಆಗಲೇ ಬಂದಿತ್ತು, ಅಂಗಡಿಯ ಮಾಡಿನ ಕೆಳಗಿನಿಂದ. ಅದಕ್ಕೆ ಸಹಿ ಹಾಕಿದವನು ನಾನು. ಖರ್ಚಿನ ಕಷ್ಟ ನಿಜವಾದದ್ದು, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಅದರ ಪಕ್ಕದಲ್ಲಿ ನನ್ನ ಒಂದು ‘ಹೌದು’ ಕೂಡ ಕುಳಿತಿತ್ತಲ್ಲ.

ತಂದೆಯ ಎದುರಿನಲ್ಲಿಯೇ ಹೇಳಿದೆ: ತಪ್ಪು ಹೇಳಿದ್ದು ನಾನು, ಸರಿ ಬರೆದದ್ದು ಅವಳು. ಹುಡುಗಿ ಕೈ ಒರೆಸಿಕೊಂಡು ಬಂದು ಮೆಲ್ಲಗೆ, “ನನಗೆ ಗೊತ್ತಿತ್ತು ಸರ್. ಉ ಹೋಗಲಿಲ್ಲವಲ್ಲ” ಎಂದಳು. ಮತ್ತೆ ಯಾಕೆ ಹೇಳಲಿಲ್ಲ ಎಂದೆ. “ನೀವು ಹೌದು ಅಂದಿರಲ್ಲ” ಎಂದಳು.

ನನ್ನ ಬಿ.ಎಡ್. ಪಾಠಗಳಲ್ಲಿ ಈ ಉತ್ತರಕ್ಕೆ ಉತ್ತರ ಇರಲಿಲ್ಲ.

ಉತ್ತರ ಹೋಲಿಸಬೇಡಿ ಎಂದು ನಾನು ನಿಮಗೆ ಹೇಳುವುದಿಲ್ಲ. ಹೇಳಿದರೆ ನೀವು ಕೇಳುವವರೂ ಅಲ್ಲ. ಮರುದಿನ ಇನ್ನೊಂದು ಪರೀಕ್ಷೆ ಇದ್ದರೆ ಮಾತ್ರ ಅದನ್ನು ಮುಂದಕ್ಕೆ ಹಾಕಿ. ಹೋಲಿಸುವಾಗ ‘ನಿನ್ನದು ಯಾವುದು’ ಎಂದು ಕೇಳಿ ತಲೆ ಎಣಿಸಬೇಡಿ, ‘ಯಾಕೆ’ ಎಂದು ಕೇಳಿ. ಏಳು ಜನ ಒಂದೇ ತಪ್ಪು ಮಾಡಬಹುದು, ಒಂದೇ ಗೈಡು ಓದಿದ್ದರೆ ಖಂಡಿತ ಮಾಡುತ್ತಾರೆ. ಪದ ಬಿಡಿಸಿ ತೋರಿಸುವ ತನಕ ‘ಸರ್ ಹೇಳಿದರು’ ಎಂಬುದನ್ನೂ ಒಪ್ಪಬೇಡಿ.

ಇನ್ನೊಂದು ಮಾತು ಪಾಲಕರಿಗೆ. ಮಂಡಳಿಯು ಎಸ್ಸೆಸ್ಸೆಲ್ಸಿಗೆ ಮಾದರಿ ಉತ್ತರಗಳನ್ನು ಜಾಲತಾಣದಲ್ಲಿ ಪ್ರಕಟಿಸಿ ಆಕ್ಷೇಪಣೆಗೆ ಕಾಲಾವಕಾಶ ಕೊಡುತ್ತದೆ. ಸಿಇಟಿಗೆ ಪರೀಕ್ಷಾ ಪ್ರಾಧಿಕಾರವೂ ಹೀಗೆಯೇ ತಾತ್ಕಾಲಿಕ ಕೀ ಉತ್ತರ ಕೊಟ್ಟು, ಆಧಾರ ಸಹಿತ ಆಕ್ಷೇಪಣೆ ಕೇಳುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ನಡೆಯುತ್ತಿರುವ ಸಿಯುಇಟಿಯಲ್ಲಿಯೂ ಈ ಅವಕಾಶ ಇದೆ. ಅದರಲ್ಲಿ ಕನ್ನಡ, ಉರ್ದು ಎರಡೂ ಭಾಷಾ ಪತ್ರಿಕೆಗಳಿವೆ. ಅಷ್ಟು ದೊಡ್ಡ ಸಂಸ್ಥೆಗಳೇ ತಮ್ಮ ಉತ್ತರ ತಪ್ಪಿರಬಹುದೆಂದು ಮೊದಲೇ ಒಪ್ಪಿ ಬಾಗಿಲು ತೆರೆದಿಡುತ್ತವೆ. ಅಂಗಡಿ ಮಾಡಿನ ಕೆಳಗಿನ ಉತ್ತರ ನಂಬಿ ಮಗಳ ಅರ್ಜಿ ತಡೆಯಬೇಡಿ.

ಆ ತಂದೆ ಫಲಿತಾಂಶದ ತನಕ ಕಾಯಲು ಒಪ್ಪಿದರು. ಅವಳು ಪಿಯು ಮುಗಿಸಿ ಪದವಿಗೂ ಸೇರಿದಳು. 2023ರ ಮಾರ್ಚ್‌ನಲ್ಲಿ, ದ್ವಿತೀಯ ಪಿಯು ಕನ್ನಡ ಪತ್ರಿಕೆ ಮುಗಿದ ಸಂಜೆ, ಅವಳ ಫೋನ್ ಬಂತು. ಒಂದು ಸಮಾಸದ ಬಗ್ಗೆ ಗೆಳತಿಯರಲ್ಲಿ ಜಗಳ ನಡೆದಿತ್ತು. ನಾನು ಉತ್ತರ ಹೇಳಲು ಬಾಯಿ ತೆರೆದೆ. “ತಾಳಿ ಸರ್, ಮೊದಲು ಪೂರ್ತಿ ಪ್ರಶ್ನೆ ಓದುತ್ತೇನೆ” ಎಂದಳು.